ಲೆಕ್ಕವೂ ದಾಸೋಹವೇ



ನಿವೃತ್ತ ಎಂಜಿನಿಯರುಗಳನ್ನು ನಮ್ಮ ಸಂಘ-ಸಂಸ್ಥೆಗಳು ಎರಡೇ ಕಾರಣಕ್ಕೆ ಕರೆಯುತ್ತವೆ: ಕಟ್ಟಡದ ಎಸ್ಟಿಮೇಟ್ ಹಾಕಿಸಲು, ಇಲ್ಲವೇ ದೇಣಿಗೆ ಕೇಳಲು. ನಾವೂ ಚೆಕ್ಕು ಕೊಟ್ಟು, ಶಾಲು ಹೊದಿಸಿಕೊಂಡು, ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡು ಮನೆಗೆ ಬರುತ್ತೇವೆ. ಅದನ್ನೇ ದಾಸೋಹವೆಂದು ಹೇಳಿಕೊಳ್ಳುತ್ತೇವೆ. ಕಲಿತ ವಿದ್ಯೆಯನ್ನು ಮಾತ್ರ ಪಿಂಚಣಿಯ ಜೊತೆ ಮನೆಯಲ್ಲೇ ಇಟ್ಟುಕೊಂಡರೆ ಅದೆಂಥ ದಾಸೋಹ?

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವನು. ಗೇಜ್ ಓದದೆ ಗೇಟ್ ಎತ್ತಬಾರದೆಂಬುದು ಅಲ್ಲಿ ಮೊದಲ ಪಾಠ. ಉಚಿತ ಪ್ರಸಾದನಿಲಯ, ಶಾಲೆ, ಆರೋಗ್ಯ ಶಿಬಿರ ನಡೆಸುವ ಎಷ್ಟೋ ಕಡೆ ಗೇಜ್ ಓದುವವರೇ ಇಲ್ಲ. ಹಾಜರಿ ಪುಸ್ತಕವಿದೆ, ದಾಸ್ತಾನು ಪುಸ್ತಕವಿದೆ, ಪ್ರತಿದಿನ ಬರೆಯುತ್ತಾರೆ. ತುಂಬಿದ ಮೇಲೆ ಕಪಾಟಿಗೆ ಸೇರಿಸುತ್ತಾರೆ.

ಎರಡು ವರ್ಷದ ಹಿಂದೆ ಒಂದು ಉಚಿತ ವಿದ್ಯಾರ್ಥಿನಿಲಯದ ಸಭೆಯಲ್ಲಿದ್ದೆ. ಪದೇ ಪದೇ ಗೈರಾಗುವ ಹುಡುಗರನ್ನು ಹೊರಹಾಕಲು ಠರಾವು ಸಿದ್ಧವಾಗಿತ್ತು. “ಇವರಿಗೆ ಅನ್ನದ ಬೆಲೆ ಗೊತ್ತಿಲ್ರೀ” ಎಂದರು ಹಿರಿಯರೊಬ್ಬರು. ನಾನು ಒಂದು ತಿಂಗಳ ಸಮಯ ಬೇಡಿದೆ. ನಿಲಯದ ಕಚೇರಿಯಲ್ಲೇ ಕುಳಿತು ಹಳೆಯ ಹಾಜರಿಯನ್ನೆಲ್ಲ ಎಕ್ಸೆಲ್‌ಗೆ ಏರಿಸಿದೆ. ವಾರದ ದಿನ, ಹುಡುಗನ ಊರು ಎಂದು ವಿಂಗಡಿಸಿದೆ. ಬಹುಪಾಲು ಗೈರು ಸೋಮವಾರದ್ದು, ಅದೂ ಒಂದೇ ದಿಕ್ಕಿನ ನಾಲ್ಕು ಹಳ್ಳಿಗಳದ್ದು! ವಿಚಾರಿಸಿದರೆ, ಅಲ್ಲಿಂದ ಭಾನುವಾರ ಸಂಜೆ ಬಸ್ಸೇ ಇಲ್ಲ. ಸೋಮವಾರದ ಮೊದಲ ಬಸ್ಸು ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. ತಡವಾಗಿ ಬಂದು ಬೈಸಿಕೊಳ್ಳುವ ಬದಲು ಹುಡುಗರು ಮನೆಯಲ್ಲೇ ಉಳಿಯುತ್ತಿದ್ದರು. ಭಾನುವಾರ ಸಂಜೆಗೊಂದು ಟೆಂಪೊ ಗೊತ್ತುಮಾಡಿದೆವು. ಠರಾವು ಕಡತದಲ್ಲೇ ಉಳಿಯಿತು. ಅದು ಪಾಸಾಗಿದ್ದರೆ ಆ ಹುಡುಗರು ಇಂದು ಕೂಲಿಗೆ ಹೋಗುತ್ತಿದ್ದರು, ನಾವು ಶಿಸ್ತು ಕಾಪಾಡಿದೆವೆಂದು ಬೀಗುತ್ತಿದ್ದೆವು.

ಇದು ಹೊಸ ವಿದ್ಯೆಯಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದರೆಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಅಂಕಿ-ಅಂಶಗಳ ಚಿತ್ರ ಬರೆದು ತೋರಿಸಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡೇಟಾಕೈಂಡ್ ಎಂಬ ಸಂಸ್ಥೆ, ದತ್ತಾಂಶ ಬಲ್ಲವರನ್ನು ಸೇವಾಸಂಸ್ಥೆಗಳ ಜೊತೆ ಕೂಡಿಸುತ್ತದೆ. ಬೆಂಗಳೂರಿನಲ್ಲೂ ಅದರ ಸ್ವಯಂಸೇವಕರ ಬಳಗ ಕೆಲಸ ಮಾಡಿದೆ. ನೌಕರಿಯಲ್ಲಿರುವ ಯುವಕರು ರಜೆಯ ದಿನ ಕೊಡುತ್ತಾರೆ. ವಾರವೆಲ್ಲ ರಜೆಯಿರುವ ನಾವು?

“ದಾಸೋಹಕ್ಕೆ ಲೆಕ್ಕ ಇಡಬಾರದು” ಎನ್ನುವವರಿದ್ದಾರೆ. ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಎಷ್ಟು ಬೇಕೆಂಬ ಅಳತೆ ಆಕೆಗೆ ತಿಳಿದಿತ್ತು. ಲೆಕ್ಕಕ್ಕೆ ಹೆದರುವವರು ಶರಣರ ಹೆಸರಿನ ಮರೆಯಲ್ಲಿ ನಿಲ್ಲುವುದು ಬೇಡ.

ನಮ್ಮ ಎಂಜಿನಿಯರುಗಳಿಗೂ ಒಂದು ಮಾತು. ಅಂಕಿ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಬಸ್ಸಿನ ಸುದ್ದಿ ನನಗೆ ಹೇಳಿದ್ದು ಅಡುಗೆಯ ತಾಯಿ, ಎಕ್ಸೆಲ್ ಅಲ್ಲ. ಮೊದಲ ದಿನವೇ ಹೊಸ ಫಾರಂ ಹಂಚಿ ವಾರ್ಡನ್ನರ ತಲೆಗೆ ಹೊರೆ ಹೊರಿಸಬೇಡಿ. ಇರುವ ಪುಸ್ತಕ ಓದಿ. ಮಕ್ಕಳ ಹೆಸರು, ರೋಗಿಗಳ ವಿವರ ನಿಮ್ಮ ಮೊಬೈಲಿನಲ್ಲಿ ಓಡಾಡಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಬಡವನ ಮಾನಕ್ಕೂ ನಮ್ಮ ಮಾನದಷ್ಟೇ ಬೆಲೆ.

ಸಂಸ್ಥೆಗಳ ಹಿರಿಯರೇ, ಕಪಾಟಿನ ಬೀಗ ತೆಗೆಯಿರಿ. ನಿವೃತ್ತ ಬಂಧುಗಳೇ, ವಾರಕ್ಕೊಂದು ದಿನ ಕೊಡಿ. ಮುಂದಿನ ಠರಾವಿಗೆ ಕೈ ಎತ್ತುವ ಮೊದಲು ಹಾಜರಿ ಪುಸ್ತಕ ತೆರೆಯೋಣ.