ಕೀಲಿಕೈ ಯಾರ ಹತ್ತಿರ ಇದೆ?

ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕಿನಿಂದ 2025ರ ಮೇ ತಿಂಗಳಲ್ಲಿ ಸುಮಾರು 59 ಕೆ.ಜಿ. ಬಂಗಾರ ಹೋಯಿತು. ನಾಲ್ಕನೇ ಶನಿವಾರ, ಮರುದಿನ ಭಾನುವಾರ. ಆ ರಜೆಯಲ್ಲೇ ಕೆಲಸ ಮುಗಿದಿತ್ತು. ಕ್ಯಾಮೆರಾ ಇರಲಿಲ್ಲವೇ? ಇತ್ತು. ಕಳ್ಳರು ಅದರ ರೆಕಾರ್ಡರ್ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿದ್ದರು. ಮುಂದಿನ ತಿಂಗಳು ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಮ್ಯಾನೇಜರ್ ಆಗಿದ್ದು ವರ್ಗವಾಗಿ ಹೋದವರೂ ಇದ್ದರು. ಅಲ್ಲಿದ್ದಾಗಲೇ ಕೀಲಿಕೈಗಳ ನಕಲು ಮಾಡಿಸಿದ್ದರು ಎಂಬುದು ಪೊಲೀಸರ ಹೇಳಿಕೆ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಚಹಾದಂಗಡಿಗಳಲ್ಲಿ ಈ ಸುದ್ದಿ ಎಷ್ಟು ದಿನ ಓಡಿತು! ಮಾತು ಮುಗಿಸಿ ಮನೆಗೆ ಹೋದವರಲ್ಲಿ ಎಷ್ಟು ಮಂದಿ ಕೀಲಿ ಬದಲಿಸಿದಿರಿ? ಹಳೆಯ ಬಾಡಿಗೆದಾರ ಒಂದು ಕೀಲಿಕೈ ಕೊಟ್ಟು ಹೋದ, ಇನ್ನೊಂದರ ಲೆಕ್ಕ ಕೇಳಲಿಲ್ಲ. ಮನೆ ಕಟ್ಟುವಾಗ ಬಡಿಗೇರನ ಕೈಯಲ್ಲಿ, ಬಣ್ಣ ಹಚ್ಚುವವನ ಕೈಯಲ್ಲಿ ವಾರಗಟ್ಟಲೆ ಇದ್ದ ಕೀಲಿಯೇ ಗೃಹಪ್ರವೇಶದ ನಂತರವೂ ಬಾಗಿಲಲ್ಲಿ ತೂಗುತ್ತಿದೆ. ಊರಿಗೆ ಹೋಗುವಾಗ ಕೀಲಿಕೈ ತುಳಸಿಕಟ್ಟೆಯ ಗೂಡಿನಲ್ಲಿ. ಅದು ಅಲ್ಲಿರುವುದು ಓಣಿಯ ಸಣ್ಣ ಹುಡುಗರಿಗೂ ಗೊತ್ತು. ‘ನಮ್ಮ ಓಣ್ಯಾಗ ಯಾರ್ ಕದೀತಾರ ಬಿಡ್ರಿ’ ಎಂಬ ಧೈರ್ಯವನ್ನು ನಾನು ವಿಶ್ವಾಸ ಎಂದು ಕರೆಯಲಾರೆ, ಅದು ಸೋಮಾರಿತನ.

ಅದೇ ವರ್ಷ ಸೆಪ್ಟೆಂಬರ್ 16ರ ಸಂಜೆ, ಮೊದಲು ಇಂಡಿ ತಾಲ್ಲೂಕಿನಲ್ಲೇ ಇದ್ದ ಚಡಚಣದಲ್ಲಿ, ಮುಖ ಮುಚ್ಚಿದವರು ಸ್ಟೇಟ್ ಬ್ಯಾಂಕಿಗೆ ನುಗ್ಗಿ ಸಿಬ್ಬಂದಿಯ ಕೈಕಾಲು ಕಟ್ಟಿ ಹಣ, ಬಂಗಾರ ದೋಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಇಂಥದ್ದೊಂದು ಆದಾಗಲೆಲ್ಲ ಕ್ಯಾಮೆರಾ ಅಂಗಡಿಗೆ ಓಡುತ್ತೇವೆ. ಓಡಿ ತರುವುದೇನು? ನಾಲ್ಕು ಕ್ಯಾಮೆರಾ, ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಕೂರುವುದು ಪಡಸಾಲೆಯ ಟಿ.ವಿ. ಪಕ್ಕ, ಮಿಣುಮಿಣು ದೀಪ ಹೊತ್ತಿಸಿಕೊಂಡು. ಬಂದವನು ಮೊದಲು ಕೈ ಹಾಕುವುದೇ ಅದಕ್ಕೆ. ಮನಗೂಳಿಯಲ್ಲಿ ಆದದ್ದೂ ಅದೇ. ಪೆಟ್ಟಿಗೆ ಒಳಕೋಣೆಯ ಕಪಾಟಿನಲ್ಲಿ ಕೀಲಿಯೊಳಗಿರಲಿ, ಗಾಳಿಯಾಡಲು ಸಂದು ಬಿಡಿ. ದೃಶ್ಯದ ಒಂದು ಪ್ರತಿ ಅಂತರ್ಜಾಲದ ಮೂಲಕ ಮನೆಯಿಂದಾಚೆಗೂ ಉಳಿಯಲಿ. ಕರೆಂಟ್ ಹೋದರೆ ಕ್ಯಾಮೆರಾ, ಪೆಟ್ಟಿಗೆ, ವೈಫೈ ಮೂರೂ ನಡೆಯುವಷ್ಟು ಯುಪಿಎಸ್ ಬೇಕು. ಟಿ.ವಿ. ಆರಬಾರದೆಂದು ಇನ್ವರ್ಟರ್ ಹಾಕಿಸಿ, ಕ್ಯಾಮೆರಾವನ್ನು ಮಾತ್ರ ಬರೀ ಕರೆಂಟಿಗೆ ಬಿಟ್ಟ ಮನೆಗಳಿಗೆ ಏನನ್ನಬೇಕು?

ಕ್ಯಾಮೆರಾ ಕಳ್ಳನನ್ನು ತಡೆಯುವುದಿಲ್ಲ, ಆದದ್ದನ್ನು ಬರೆದಿಡುತ್ತದೆ ಅಷ್ಟೆ. ತಡೆಯುವುದು ಬಾಗಿಲು. ನಿಮ್ಮ ತಲೆಬಾಗಿಲ ಕೊಂಡಿಯನ್ನೇ ನೋಡಿ. ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪ ಕೀಲಿ ಆರಿಸಿ ತಂದಿದ್ದೀರಿ. ಅದು ತೂಗುತ್ತಿರುವ ಕೊಂಡಿ ಮಾತ್ರ ತೆಳು ತಗಡಿನದು, ಗಿಡ್ಡ ಸ್ಕ್ರೂಗಳಲ್ಲಿ ನಿಂತಿದೆ. ರಾಡು ತೂರಿಸಿ ಒಮ್ಮೆ ಮೀಟಿದರೆ ಕೀಲಿಸಮೇತ ಕಿತ್ತು ಬರುತ್ತದೆ. ಕೊಂಡಿಗೆ ಕದದ ಆಚೆಬದಿಗೆ ದಾಟುವ ಬೋಲ್ಟ್ ಹಾಕಿ ಒಳಗಿನಿಂದ ನಟ್ಟು ಬಿಗಿಸಿ, ಇಲ್ಲವೇ ಕದದೊಳಗೆ ಕೂರುವ ಇಂಟರ್‌ಲಾಕ್ ಹಾಕಿಸಿ. ಹೊರಗೆ ತೂಗುವ ಕೀಲಿ ಮನೆಯಲ್ಲಿ ಯಾರೂ ಇಲ್ಲ ಎಂದು ದಾರಿಹೋಕನಿಗೂ ಸಾರುತ್ತದೆ, ಇಂಟರ್‌ಲಾಕ್ ಸಾರುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು. ಸೆಕೆ ತಾಳದೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತೇವೆ. ಕೆಳಗೆ ಬಾಗಿಲಿಗೆ ಕೀಲಿ, ಕೀಲಿಕೈ ತಲೆದಿಂಬಿನ ಕೆಳಗೆ. ತಲೆಯ ಕೆಳಗೇ ಮನೆ ಒಡೆದರೂ ಫ್ಯಾನಿನ ಸದ್ದಿನಲ್ಲಿ ಕೇಳುವುದಿಲ್ಲ. ಕದ ತೆರೆದರೆ ಕೂಗುವ ಅಯಸ್ಕಾಂತದ ಸೆನ್ಸರ್, ಸೈರನ್ ನಾಲ್ಕು ಕ್ಯಾಮೆರಾಗಳಿಗಿಂತ ಅಗ್ಗ. ಸೈರನ್ ಮಾಳಿಗೆ ಮೇಲಿರಲಿ. ಕೂಗಿದಾಗ ಬರಿಗೈಲಿ ಕೆಳಗಿಳಿದು ಶೌರ್ಯ ತೋರಿಸಬೇಡಿ. 112ಕ್ಕೆ ಫೋನ್ ಮಾಡಿ, ಓಣಿಯವರನ್ನು ಎಬ್ಬಿಸಿ.

‘ಬಂಗಾರ ಲಾಕರಿನಲ್ಲಿದೆ, ಚಿಂತೆ ಇಲ್ಲ’ ಎನ್ನುವವರು ಕರಾರು ಓದಿದ್ದೀರಾ? ರಿಸರ್ವ್ ಬ್ಯಾಂಕಿನ 2021ರ ನಿಯಮದಂತೆ ಕಳವಾದರೆ, ಬ್ಯಾಂಕಿನವರೇ ಮೋಸ ಮಾಡಿದರೆ, ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. 2,000 ರೂಪಾಯಿ ಬಾಡಿಗೆಗೆ 2 ಲಕ್ಷ. ಲಾಕರ್ ಬೇಡ ಎನ್ನುತ್ತಿಲ್ಲ, ಒಡವೆಯ ಫೋಟೊ, ರಸೀದಿ, ತೂಕದ ಪಟ್ಟಿ ಇಟ್ಟುಕೊಳ್ಳಿ.

ಇನ್ನು ಕ್ಯಾಮೆರಾ ಹಚ್ಚಲು ಬರುವ ಹುಡುಗ. ಅವನು ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟು ಹೋಗಬಹುದು, ಅಥವಾ ತನ್ನದೊಂದನ್ನು ಹಾಕಿ ತನ್ನ ಮೊಬೈಲಿನಲ್ಲೂ ನಿಮ್ಮ ಅಂಗಳ ತೆರೆದಿಟ್ಟುಕೊಳ್ಳಬಹುದು. ನೀವು ಕೇಳುವುದು ರೇಟು ಒಂದನ್ನೇ. ಕೆಲಸ ಮುಗಿದ ಮೇಲೆ ಅವನನ್ನು ಕೂರಿಸಿ. ತಾರೀಖು, ಗಂಟೆ ಸರಿ ಇದೆಯೇ ನೋಡಿ, ನಿನ್ನೆಯದನ್ನೋ ಗಂಟೆ ಹಿಂದಿನದನ್ನೋ ತೆಗೆದು ತೋರಿಸಲು ಹೇಳಿ, ರಾತ್ರಿ ಕತ್ತಲಲ್ಲಿ ಬಾಗಿಲಲ್ಲಿ ನಿಂತವನ ಮುಖ ಕಾಣುತ್ತದೆಯೇ ಪರೀಕ್ಷಿಸಿ. ಪಾಸ್‌ವರ್ಡ್ ನೀವೇ ಬದಲಿಸಿ, ಅವನ ಮೊಬೈಲಿನಿಂದ ನಿಮ್ಮ ಮನೆ ತೆಗೆಸಿ. ಬಾಕಿ ದುಡ್ಡು ಅದಾದ ಮೇಲೆಯೇ ಕೊಡಿ.