ಹಳಿ ಕೆಲಸದವರ ಸರದಿ

2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. 1947ರ ಕೈಗಾರಿಕಾ ವಿವಾದಗಳ ಕಾಯಿದೆ ಬದಿಗೆ ಸರಿಯಿತು. ಮುಷ್ಕರದ ನಿರ್ಬಂಧ, ಮುನ್ನೂರು ಕಾರ್ಮಿಕರ ಮಿತಿ ಇತ್ಯಾದಿಗಳ ಬಗ್ಗೆ ಸಾಕಷ್ಟು ಗದ್ದಲವಾಗಿದೆ. ಕೆಲಸವಿಲ್ಲವೆಂದು ಮನೆಗೆ ಕಳುಹಿಸಿದವನನ್ನು ಮರಳಿ ಕರೆಯುವ ನಿಯಮದಲ್ಲಿ ಆದ ಬದಲಾವಣೆ ಮಾತ್ರ ಸದ್ದಿಲ್ಲದೆ ದಾಟಿಹೋಗಿದೆ. ರೈಲು ಹಳಿಯನ್ನು ನಂಬಿ ಬದುಕಿದ ಮನೆಗಳು ನಮ್ಮ ಜಿಲ್ಲೆಯಲ್ಲಿಯೂ ಇರುವುದರಿಂದ ಈ ವಿಚಾರವನ್ನು ಇಲ್ಲಿ ಎತ್ತುತ್ತಿದ್ದೇವೆ.

ಹಳೆಯ ಕಾಯಿದೆಯ 25-ಜಿ ಕಲಮಿನಂತೆ ಕೊನೆಗೆ ಸೇರಿದವನನ್ನು ಮೊದಲು ಬಿಡಿಸಬೇಕು. 25-ಎಚ್ ಕಲಮಿನಂತೆ, ಮತ್ತೆ ಆಳು ಬೇಕಾದಾಗ ಹಾಗೆ ಬಿಟ್ಟುಹೋದವರಿಗೇ ಮೊದಲ ಅವಕಾಶ. ಇದಕ್ಕೆ ಕಾಲಮಿತಿ ಇರಲಿಲ್ಲ. 1957ರ ಕೇಂದ್ರ ನಿಯಮಗಳು ಇನ್ನೂ ಸ್ಪಷ್ಟವಾಗಿದ್ದವು: ಬಿಡಿಸುವ ಏಳು ದಿನ ಮೊದಲೇ ಸೇವಾಹಿರಿತನದ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಾಕಬೇಕು, ಖಾಲಿ ಜಾಗ ತುಂಬುವ ಹತ್ತು ದಿನ ಮೊದಲು ಹಳಬರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಬೇಕು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಬೇರೆ ಬೇಕೆ?

ಆದರೆ ರೈಲ್ವೆಯ ದಿನಗೂಲಿಗಳು ಇದನ್ನು ಕೋರ್ಟಿನ ಮೆಟ್ಟಿಲು ಹತ್ತಿಯೇ ಪಡೆಯಬೇಕಾಯಿತು. ಗೈರುಹಾಜರಿಯ ನೆಪದಲ್ಲಿ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದೂ ಕೆಲಸದಿಂದ ಕಡಿತ ಮಾಡಿದಂತೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದಕ್ಷಿಣ ರೈಲ್ವೆಯ ನಿರ್ಮಾಣ ವಿಭಾಗದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿಯೇ ಹೇಳಿತು. ಕಾಮಗಾರಿಗಳಲ್ಲಿ 360 ದಿನ ಸತತ ದುಡಿದವರನ್ನು ಹಂಗಾಮಿ ನೌಕರರೆಂದು ಗಣಿಸುವ ರೈಲ್ವೆಯ ಯೋಜನೆ 1985ರಲ್ಲಿ ಅದೇ ಕೋರ್ಟಿನ ಮುಂದೆ ಬಂತು. 1984ರ ಜನವರಿ 1ರಂದು ಕೆಲಸದಲ್ಲಿದ್ದವರಿಗೆ ಮಾತ್ರ ಎಂಬ ಷರತ್ತು ಅದರಲ್ಲಿತ್ತು. ಹತ್ತಾರು ವರ್ಷ ಕಲ್ಲು ಹೊತ್ತವನ ಕಾಮಗಾರಿ ಆ ದಿನಕ್ಕೆ ಮೊದಲೇ ಮುಗಿದಿದ್ದರೆ ಅವನು ಹೊರಗೆ, ನಿನ್ನೆ ಮೊನ್ನೆ ಬಂದವನು ಒಳಗೆ! ಕೋರ್ಟು ಆ ದಿನಾಂಕವನ್ನು 1981ಕ್ಕೆ ಹಿಂದೆ ತಳ್ಳಿ, ಪ್ರತಿ ವಿಭಾಗದಲ್ಲಿಯೂ ಸೇವಾಹಿರಿತನದ ಪಟ್ಟಿ ತಯಾರಿಸಬೇಕೆಂದು ಆಜ್ಞಾಪಿಸಿತು. ಅದಕ್ಕಿಂತಲೂ ಮೊದಲು ಕೆಲಸ ಕಳೆದುಕೊಂಡವರ ಪರವಾಗಿ ತಿರುವನಂತಪುರ ವಿಭಾಗದ ನೌಕರರ ಸಂಘವೊಂದು ಹೋರಾಡಿತು. 1987ರ ಫೆಬ್ರವರಿಯಲ್ಲಿ ತೀರ್ಪು ಬಂತು. ದಾಖಲೆ ಸಹಿತ ಅರ್ಜಿ ಕೊಡಲು ಮಾರ್ಚ್ 31 ಕೊನೆಯ ದಿನವೆಂದು ಗೊತ್ತಾಯಿತು.

ಹೆಬ್ಬೆಟ್ಟು ಒತ್ತಿ ಸಂಬಳ ಪಡೆಯುತ್ತಿದ್ದವನು, ಕಾಮಗಾರಿ ಮುಗಿದ ಮೇಲೆ ಊರೂರು ಅಲೆದವನು, ಆ ಕೆಲವೇ ವಾರಗಳೊಳಗೆ ಸುದ್ದಿ ತಿಳಿದು, ಕೂಲಿ ಕಾರ್ಡು ಹುಡುಕಿ ತೆಗೆದು, ಅರ್ಜಿ ಬರೆಸಿ ಕಳುಹಿಸುವುದು ಸುಲಭದ ಮಾತಲ್ಲ. ತಡವಾಗಿ ಬಂದವರನ್ನು ಕಾನೂನು ಕಾಯಲಿಲ್ಲ. ಆಗ್ನೇಯ ರೈಲ್ವೆಯಲ್ಲಿ ಕೆಲಸ ಕಳೆದುಕೊಂಡ ಕೂಲಿಕಾರರ ಅರ್ಜಿಯನ್ನು 1993ರಲ್ಲಿ ಸುಪ್ರೀಂ ಕೋರ್ಟು ವಿಳಂಬದ ಕಾರಣ ಕೊಟ್ಟು ತಳ್ಳಿಹಾಕಿತು.

ಈಗ ಬಂದಿರುವ ಸಂಹಿತೆ ಆ ಗಡುವಿನ ಬುದ್ಧಿಯನ್ನೇ ಕಾಯಂ ಮಾಡಿದೆ. ಬಿಡಿಸಿದ ಒಂದು ವರ್ಷದೊಳಗೆ ಹೊಸಬರನ್ನು ತೆಗೆದುಕೊಳ್ಳುವುದಾದರೆ ಮಾತ್ರ ಹಳಬರಿಗೆ ಆದ್ಯತೆ. ಹದಿಮೂರನೆಯ ತಿಂಗಳಲ್ಲಿ ಆ ಹಕ್ಕಿಲ್ಲ. ವರ್ಷ ಕಳೆಯಲಿ ಎಂದು ಕಾದು ಕೂರುವ ಮಾಲಿಕನನ್ನು ತಡೆಯುವ ಬಗೆ ನಮಗೆ ಕಾಣುತ್ತಿಲ್ಲ. ಇಂದು ಹಳಿಬದಿಯ ಬಹಳಷ್ಟು ಕೆಲಸ ಗುತ್ತಿಗೆದಾರರ ಕೈಯಲ್ಲಿದೆ; ಗುತ್ತಿಗೆದಾರ ಬದಲಾದರೆ ಹಿರಿತನದ ಲೆಕ್ಕ ಮೊದಲಿನಿಂದ. ಇದು ಇನ್ನೂ ದೊಡ್ಡ ಸಂಕಟ, ಅದನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು.

ಅವಧಿ ಕುಗ್ಗಿದಷ್ಟೂ ನೋಟೀಸಿನ ಬೆಲೆ ಹೆಚ್ಚು. ಪಟ್ಟಿ ಪಾಲಕ್ಕಾಡಿನ ಕಚೇರಿಯ ಗೋಡೆಯಲ್ಲಿ ಇಂಗ್ಲಿಷಿನಲ್ಲಿದ್ದರೆ ಮಂಜೇಶ್ವರದ ಕನ್ನಡಿಗನಿಗೆ ಅದು ಇದ್ದೂ ಇಲ್ಲದಂತೆ. ಕೆಲಸಗಾರ ದುಡಿದ ಸ್ಟೇಷನ್ನಿನಲ್ಲಿಯೇ, ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಪಟ್ಟಿ ಹಾಕುವುದಕ್ಕೆ ರೈಲ್ವೆಗೆ ದೊಡ್ಡ ಖರ್ಚೇನೂ ಬಾರದು. ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಆದುದರಿಂದ ಬಾಧಿತರು ಕನ್ನಡದಲ್ಲಿಯೇ ಬರೆಯಲಿ. ಕೆಲಸಕ್ಕೆ ಸೇರಿದ ಮತ್ತು ಬಿಡಿಸಿದ ತಾರೀಕು, ಕೆಲಸದ ಸ್ಥಳ, ತಮ್ಮ ನಂತರ ಸೇರಿಯೂ ಉಳಿದವರ ವಿವರ ಅದರಲ್ಲಿರಲಿ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಲಿ. ಮಾಹಿತಿ ಹಕ್ಕು ಕಾಯಿದೆಯಡಿ ಸೇವಾಹಿರಿತನದ ಪಟ್ಟಿಯ ಪ್ರತಿಯನ್ನೂ ಕೇಳಬಹುದು. ಬರೆಯಲು ಬಾರದವರಿಗೆ ಬರೆದುಕೊಡುವ ಕೆಲಸವನ್ನು ನಮ್ಮ ಕನ್ನಡ ಸಂಘಗಳು ವಹಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆ ಕಟ್ಟುವವರಿಗೆ ತಿಂಗಳಿಗೊಂದು ಭಾನುವಾರ ಇದಕ್ಕಾಗಿ ಕುಳಿತುಕೊಳ್ಳುವುದು ಭಾರವಾಗಲಾರದು.