ಒರೆಸಿದರೆ ಹೋಗದ ಮಂಜು

ಮೊದಲೇ ಹೇಳಿಬಿಡ್ತೀನಿ, ಇದು ಪ್ರವಾಸ ಕಥನ ಅಲ್ಲ. ಯೆಲ್ಲೋಸ್ಟೋನ್ ಬಗ್ಗೆ, ಅಲ್ಲಿನ ಬಿಸಿನೀರಿನ ಬುಗ್ಗೆಗಳ ಬಗ್ಗೆ ಈಗಾಗ್ಲೇ ಸಾಕಷ್ಟು ಜನ ಬರೆದಿದ್ದಾರೆ, ಫೋಟೋನೂ ಹಾಕಿದ್ದಾರೆ. ನಾನು ಬರೀತಿರೋದು ಒಂದು ಕಿಟಕಿ ಬಗ್ಗೆ. ಒಂದೇ ಒಂದು ಕಿಟಕಿ. ಅದರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅದಕ್ಕೇ ಬರೀತಿದ್ದೀನಿ.

ಹೋದ ಬೇಸಿಗೇಲಿ ಅಪ್ಪ-ಅವ್ವ ಬನಹಟ್ಟಿಯಿಂದ ಇಲ್ಲಿಗೆ, ಅಂದ್ರೆ ಒಮಾಹಾಕ್ಕೆ ಬಂದಿದ್ರು. ನನ್ನ ಹಾಸನದ ಗೆಳೆಯನೊಬ್ಬನ ಹತ್ರ ಹಳೇ ಮೋಟರ್‌ಹೋಮ್ ಒಂದಿದೆ. ಲಾರಿಯ ಮುಖ, ಹಿಂದೆ ಮನೆ. ಒಳಗೇ ಅಡುಗೆ, ಒಳಗೇ ಹಾಸಿಗೆ. ಅವ್ವ ಅದಕ್ಕೆ ಇಟ್ಟ ಹೆಸರು "ಗಾಡಿ ಮನಿ". ಹೋಟೆಲ್ ಊಟ ಅವ್ವನಿಗೆ ಆಗಲ್ಲ, ರೊಟ್ಟಿ ಬೇಕೇ ಬೇಕು. ಹಾಗಾಗಿ ಗಾಡಿ ಮನಿಯಲ್ಲೇ ಯೆಲ್ಲೋಸ್ಟೋನ್‌ಗೆ ಹೋಗೋದು ಅಂತ ಆಯ್ತು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲ ಹೇರಿಕೊಂಡು ಹೊರಟ್ವಿ.

ಒಳಗೆ ಊಟದ ಮೇಜಿನ ಪಕ್ಕ ಬೆಲ್ಟ್ ಇರೋ ಸೀಟಿದೆ, ಅದಕ್ಕೆ ಹೊಂದಿಕೊಂಡು ದೊಡ್ಡ ಕಿಟಕಿ. ಅವ್ವ ಅಲ್ಲೇ ಕೂತಳು. ಕಿಟಕಿ ಪೂರಾ ಮಂಜು. ಸೆರಗಿನಿಂದ ಒರೆಸಿದಳು. ಹೋಗ್ಲಿಲ್ಲ. ಒದ್ದೆ ಬಟ್ಟೆ ಕೊಟ್ಟೆ, ಒರೆಸಿದಳು. ಹೋಗ್ಲಿಲ್ಲ. ಗಾಡಿ ನಿಲ್ಲಿಸಿದಾಗ ಅಪ್ಪ ಹೊರಗಿನಿಂದ ಒರೆಸಿದ್ರು. ಆಗ್ಲೂ ಹೋಗ್ಲಿಲ್ಲ.

"ಏನ್ ಗಾಜೋ ತಮ್ಮಾ ಇದು, ಎಷ್ಟ್ ಒರಸಿದ್ರೂ ಹೋಗವಲ್ದು" ಅಂದಳು ಅವ್ವ.

ಯಾಕೆ ಹೋಗ್ಲಿಲ್ಲ ಅಂದ್ರೆ, ಮಂಜು ಒಳಗೂ ಇರ್ಲಿಲ್ಲ, ಹೊರಗೂ ಇರ್ಲಿಲ್ಲ. ನಡುವೆ ಇತ್ತು.

ಬೆಂಗಳೂರಿಂದ ಜಮಖಂಡಿಗೆ ಮಳೆಗಾಲದಲ್ಲಿ ಎಸಿ ಸ್ಲೀಪರ್ ಬಸ್ಸಲ್ಲಿ ಬಂದವರಿಗೆ ಕಿಟಕಿ ಮಂಜಾಗೋದು ಗೊತ್ತೇ ಇರುತ್ತೆ. ಅಲ್ಲಿ ಗಾಜು ಒಂದೇ ಪದರ. ಒಳಗೆ ಎಸಿ ತಣ್ಣಗಿರುತ್ತೆ, ಹೊರಗೆ ತೇವದ ಗಾಳಿ. ತಣ್ಣನೆ ಗಾಜಿನ ಹೊರಮೈ ಮೇಲೆ ನೀರು ಕೂರುತ್ತೆ. ಡ್ರೈವರ್ ವೈಪರ್ ಹಾಕಿದ್ರೆ ಮುಂದಿನ ಗಾಜಿಂದು ಹೋಗುತ್ತೆ. ಅಮೆರಿಕದ ಚಳಿಗಾಲದಲ್ಲಿ ಇದೇ ಉಲ್ಟಾ. ಒಳಗೆ ಬೆಚ್ಚಗೆ, ಹೊರಗೆ ಕೊರೆತ, ಹಾಗಾಗಿ ಗಾಜಿನ ಒಳಮೈ ಒದ್ದೆ. ಗಾಳಿ 20 ಡಿಗ್ರಿ ಇದ್ದು ತೇವಾಂಶ 50% ಇದ್ರೆ, ಸುಮಾರು 9 ಡಿಗ್ರಿಗಿಂತ ತಣ್ಣಗಿರೋ ಯಾವ ಗಾಜಿನ ಮೇಲಾದ್ರೂ ನೀರು ಕೂರುತ್ತೆ. ಅದರ ಜೊತೆ ಗಾಡಿಯೊಳಗೆ ನಾಲ್ಕು ಜನರ ಉಸಿರು, ಮೇಲೆ ಅಡುಗೆ. ಒಂದು ಕೆಜಿ ಪ್ರೊಪೇನ್ ಗ್ಯಾಸ್ ಉರಿದ್ರೆ ಸುಮಾರು 1.6 ಕೆಜಿ ನೀರಿನ ಆವಿ ಬರುತ್ತೆ, ಪಿಯುಸಿ ರಸಾಯನಶಾಸ್ತ್ರದ ಲೆಕ್ಕ! ಇದಕ್ಕೂ ಔಷಧಿ ಸುಲಭ. ಕಿಟಕಿ ಸ್ವಲ್ಪ ತೆಗೀರಿ, ಒಲೆ ಮೇಲಿನ ಫ್ಯಾನ್ ಹಾಕ್ರಿ, ಒರೆಸ್ರಿ.

ಮೂರನೇ ಜಾತಿ ಮಂಜು ಮಾತ್ರ ಬೇರೆ. ಚಳಿ ದೇಶದ ಗಾಡಿಗಳಲ್ಲಿ ಎಷ್ಟೋ ಕಿಟಕಿಗೆ ಎರಡು ಗಾಜು ಇರ್ತಾವೆ, ನಡುವೆ ಒಣ ಗಾಳಿ. ಹೀಗೆ ಮಾಡಿದ್ರೆ ಒಂಟಿ ಗಾಜಿಗಿಂತ ಸುಮಾರು ಅರ್ಧದಷ್ಟೇ ಶಾಖ ಸೋರುತ್ತೆ. ಎರಡು ಗಾಜಿನ ಅಂಚಲ್ಲಿ ಸುತ್ತಲೂ ಒಂದು ಪಟ್ಟಿ, ಸ್ಪೇಸರ್ ಅಂತಾರೆ. ಅದರೊಳಗೆ ತೇವ ಹೀರೋ ಕಾಳು. ಹೊಸ ಬೂಟಿನ ಡಬ್ಬಿಯಲ್ಲಿ "ತಿನ್ನಬೇಡಿ" ಅಂತ ಬರೆದ ಸಣ್ಣ ಪುಡಿಕೆ ಇರುತ್ತಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಹೊರಗಿನಿಂದ ಅಂಟು ಹಾಕಿ ಶಾಶ್ವತವಾಗಿ ಮುಚ್ಚಿಬಿಡ್ತಾರೆ.

ಶಾಶ್ವತ ಅನ್ನೋದು ಆ ಕಂಪನಿಯವರ ಮಾತು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತೆ, ಅಂಟನ್ನ ಹೊರಗೆ ತಳ್ಳುತ್ತೆ. ರಾತ್ರಿ ಕುಗ್ಗುತ್ತೆ, ಒಳಗೆ ಎಳೆಯುತ್ತೆ. ದಿನಾ ಹೀಗೇ, ವರ್ಷಗಟ್ಟಲೆ. ಮನೆ ಕಿಟಕಿಗಾದ್ರೆ ಇಷ್ಟೇ ಕಷ್ಟ. ಗಾಡಿ ಕಿಟಕಿಗೆ ರಸ್ತೆಯ ಕುಲುಕಾಟ ಬೇರೆ, ಘಟ್ಟ ಹತ್ತಿ ಇಳಿಯೋದು ಬೇರೆ. ಒಮಾಹಾದಿಂದ ಪಶ್ಚಿಮಕ್ಕೆ ಹೊರಟ್ರೆ ಐ-80 ಹೆದ್ದಾರಿ ವಯೋಮಿಂಗ್‌ನ ಲಾರಮಿ ಹತ್ರ ಸುಮಾರು 2,630 ಮೀಟರ್ ಎತ್ತರ ಹತ್ತುತ್ತೆ. ಅಲ್ಲಿ ಗಾಳಿಯ ಒತ್ತಡ ಒಮಾಹಾದಲ್ಲಿ ಇರೋದರ ಮುಕ್ಕಾಲು ಭಾಗ ಅಷ್ಟೇ. ಒಳಗೆ ಸಿಕ್ಕಿಕೊಂಡ ಗಾಳಿ ಅಂಟನ್ನ ಎಷ್ಟು ಜೋರಾಗಿ ಒತ್ತುತ್ತೆ ಲೆಕ್ಕ ಹಾಕ್ರಿ. ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ತೇವ ಒಳಗೆ ಹೋಗುತ್ತೆ, ಕಾಳು ಹೀರುವಷ್ಟು ಹೀರಿ ಸುಮ್ಮನಾಗುತ್ತೆ. ಆಮೇಲೆ ಶುರು ಮಂಜು.

ಸರಿ, ನಾವು ಹೋಗಿ ಬಂದ್ವಿ. ನಿಂತಲ್ಲಿ ಇಳಿದು ನೋಡಿದ್ದು ಬಿಟ್ರೆ, ಸಾವಿರಾರು ಮೈಲಿ ದಾರಿಯನ್ನ ಅವ್ವ ನೋಡಿದ್ದು ಹಾಲಿನ ಪರದೆ ಹಿಂದಿನಿಂದ. ಮೂರನೇ ದಿನ "ಇರ್ಲಿ ಬಿಡೋ, ನಾ ಹೆಂಗೂ ಮಕ್ಕೋತೀನಿ" ಅಂದು ಆ ಕಡೆ ತಿರುಗೋದೇ ಬಿಟ್ಟಳು. ಅವ್ವ ಇನ್ನೊಂದು ಸಲ ಇಷ್ಟು ದೂರ ಬರ್ತಾಳೋ ಇಲ್ವೋ ಗೊತ್ತಿಲ್ಲ. ಮೊಣಕಾಲು ನೋವು, ಆ ಇಪ್ಪತ್ತು ಗಂಟೆ ವಿಮಾನ... ನನಗೆ ಸಿಟ್ಟು ಬಂದಿದ್ದು ಅಲ್ಲೇ.

ವಾಪಸ್ ಬಂದ ಮೇಲೆ ಗೆಳೆಯ ಒಂದು ಅಂಗಡಿಗೆ ಕೇಳಿದ. ಪೂರ್ತಿ ಕಿಟಕಿ, ಚೌಕಟ್ಟು ಸಮೇತ ಹೊಸದು ಹಾಕ್ಬೇಕು, ಬರೋಕೆ ವಾರಗಟ್ಟಲೆ ಕಾಯಬೇಕು ಅಂದ್ರು. ಚೌಕಟ್ಟು ಗಟ್ಟಿ ಇದೆ, ಗಾಜು ಒಡೆದಿಲ್ಲ, ಹೋಗಿರೋದು ಅಂಚಿನ ಅಂಟು ಮಾತ್ರ. ಆದ್ರೂ ಪೂರ್ತಿ ಎಸೀಬೇಕಂತೆ.

ನಮ್ಮಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗ ರಿಪೇರಿ ಮಾಡ್ತಾ ಜೀವನ ತೆಗೆದವರು. ರಬಕವಿ-ಬನಹಟ್ಟಿ ನೋಡಿದವರಿಗೆ ಗೊತ್ತು, ಅಲ್ಲಿ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಎಷ್ಟೋ ಮಗ್ಗ ಬೇರೆ ಊರಿಂದ ಸೆಕೆಂಡ್ ಹ್ಯಾಂಡ್ ಬಂದವು. ಸವೆದ ಭಾಗ ತೆಗೆದು ಬೇರೆ ಹಾಕ್ತಾರೆ, ಓಡ್ತಾವೆ. ಪೂರ್ತಿ ಮಗ್ಗ ಎಸೆದವರನ್ನ ಅಪ್ಪ ಕಂಡೇ ಇಲ್ಲ. ಅಂಗಡಿಯವರ ಮಾತು ಕೇಳಿ ಅವರಿಗೆ ನಗು ಬಂತು. ಕಿಟಕಿ ಸುತ್ತ ಕೈಯಾಡಿಸಿ ಹೇಳಿದ್ರು: "ಸ್ಕ್ರೂ ಐತಿ ಅಂದ್ರ ಬಿಚ್ಚಾಕ ಬರ್ತೈತಿ ಅಂತ ಅರ್ಥ."

ಅಪ್ಪನ ಮೊದಲ ಉಪಾಯ ಸರಳ. "ಮೂಲ್ಯಾಗ ಒಂದು ಸಣ್ಣ ತೂತು ಹೊಡದು ಗಾಳಿ ಆಡಾಕ ಬಿಟ್ರ ಮುಗೀತು." ಮನೆ ಕಿಟಕಿಗಳಿಗೆ ಹೀಗೆ ಮಾಡೋರು ಇದ್ದಾರೆ ಕೂಡ. ಆದ್ರೆ ಗಾಡಿಯ ಗಾಜು ಸಾಮಾನ್ಯವಾಗಿ ಟೆಂಪರ್ಡ್. ಕಾಯಿಸಿ ತಟ್ಟನೆ ತಣ್ಣಗೆ ಮಾಡಿರ್ತಾರೆ, ಹೊರಮೈ ಬಿಗಿದುಕೊಂಡಿರುತ್ತೆ, ಒಳಗೆ ಎಳೆತ ಇರುತ್ತೆ. ಡ್ರಿಲ್ ತಾಗಿಸಿದ್ರೆ ಇಡೀ ಗಾಜು ಪುಡಿಪುಡಿ. ಮೊದಲ ಸಲ ನನ್ನ ಇಂಜಿನಿಯರಿಂಗ್ ಡಿಗ್ರಿ ಅಪ್ಪನ ಮುಂದೆ ಉಪಯೋಗಕ್ಕೆ ಬಂತು :-)

ಆಮೇಲೆ ಬಿಚ್ಚಿದ್ವಿ. ಒಳಗಿನ ಸುತ್ತುಪಟ್ಟಿಯ ಸ್ಕ್ರೂ ತೆಗೆದ್ರೆ ಕಿಟಕಿ ಹೊರಗಡೆಗೆ ಬರುತ್ತೆ. ಒಬ್ಬರು ಹೊರಗೆ ಹಿಡಿದಿರಲೇಬೇಕು. ಚೌಕಟ್ಟಿಂದ ಜೋಡಿ ಗಾಜು ತೆಗೆದು, ತೆಳು ಬ್ಲೇಡಿಂದ ಅಂಚಿನ ಅಂಟು ಕತ್ತರಿಸಿದ್ವಿ. ಅರ್ಧ ದಿನ ಹಿಡೀತು, ಯಾಕಂದ್ರೆ ಅಪ್ಪ ಅವಸರ ಮಾಡೋಕೆ ಬಿಡಲ್ಲ. ಸೋಪಿನ ನೀರು, ಆಮೇಲೆ ವಿನೆಗರ್, ಆಮೇಲೆ ಶುದ್ಧ ನೀರು. ಕೆಳಗಿನ ಮೂಲೆಯಲ್ಲಿ ಬೆಳ್ಳಗೆ ಒಂದಿಷ್ಟು ಉಳೀತು. ಅದು ಕೊಳೆ ಅಲ್ಲ. ನೀರು ಬಹಳ ಕಾಲ ನಿಂತ್ರೆ ಗಾಜಿನೊಳಗಿನ ಸೋಡಿಯಂ ಹೊರಗೆ ಬಂದು, ನೀರು ಕ್ಷಾರವಾಗಿ, ಗಾಜನ್ನೇ ತಿನ್ನುತ್ತೆ. ಅಂದ್ರೆ ಮಂಜು ಕಂಡ ಮೇಲೆ ತಡ ಮಾಡಿದಷ್ಟೂ ನಷ್ಟ. ಬಿಸಿಲು ಚೆನ್ನಾಗಿದ್ದ ಒಣ ದಿನ ನೋಡಿ, ಒಳಗೇ ತೇವ ಹೀರೋ ಪುಡಿ ಸೇರಿಸಿದ ಹೊಸ ಸ್ಪೇಸರ್ ಪಟ್ಟಿ ಹಾಕಿ, ಗಾಜು ಒತ್ತಿ, ಸುತ್ತ ಅಂಟು ತುಂಬಿದ್ವಿ. ಪಟ್ಟಿಯ ಪ್ಯಾಕೆಟ್ ತೆರೆದ ಮೇಲೆ ಸುಮ್ಮನೆ ಕೂರೋ ಹಾಗಿಲ್ಲ, ಅದು ಹೊರಗಿನ ತೇವ ಹೀರ್ತಾನೇ ಇರುತ್ತೆ. ಆ ಗಡಿಬಿಡಿಯಲ್ಲಿ ಅಪ್ಪನ ಹೆಬ್ಬೆಟ್ಟಿನ ಗುರುತು ಒಂದು ಎರಡು ಗಾಜಿನ ನಡುವೆ ಸೇರಿಕೊಂಡಿದೆ. ಈಗ ಅದನ್ನ ಯಾರೂ ಒರೆಸೋಕಾಗಲ್ಲ. ಗೆಳೆಯ ಇರ್ಲಿ ಬಿಡು ಅಂದ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ರಿಪೇರಿ ದಾರಿ ಹುಡುಕುವಾಗ ಒಂದು ವಿಷಯ ಗೊತ್ತಾಯ್ತು. ಯುರೋಪಿನ ಕ್ಯಾರವಾನ್‌ಗಳಲ್ಲಿ ಗಾಜಿನ ಬದಲು ಅಕ್ರಿಲಿಕ್‌ನ ಎರಡು ಪದರದ ಕಿಟಕಿ ಹೆಚ್ಚು. ಅಕ್ರಿಲಿಕ್ ಮೂಲಕ ತೇವ ನಿಧಾನಕ್ಕೆ ಒಳಗೆ ಹೋಗೇ ಹೋಗುತ್ತೆ, ಅದು ಮಾಡಿದವರಿಗೂ ಗೊತ್ತು. ಅದಕ್ಕೇ ಕೆಲವು ಕಿಟಕಿಗಳ ಒಳಪದರದಲ್ಲಿ ಸಣ್ಣ ತೂತು ಬಿಟ್ಟು ಬಿರಡೆ ಹಾಕಿರ್ತಾರೆ. ಮಂಜಾಯ್ತಾ? ಬಿರಡೆ ತೆಗೆದು, ಗಾಡಿನ ಬೆಚ್ಚಗಿನ ಒಣ ಜಾಗದಲ್ಲಿ ನಿಲ್ಲಿಸಿ, ಒಣಗಿದ ಮೇಲೆ ಬಿರಡೆ ಹಾಕಿ. ಅಷ್ಟೇ! ಇದನ್ನ ಅಪ್ಪನಿಗೆ ಹೇಳಿದೆ. "ಇದನ್ನ ಮಾಡಿದಾಂವ ಒಂದಿನಾ ರಿಪೇರಿ ಕೆಲಸಾ ಮಾಡ್ಯಾನ ನೋಡು" ಅಂದ್ರು.

ನನಗೆ ತಟ್ಟಿದ್ದು ಈ ವ್ಯತ್ಯಾಸ. ಒಬ್ಬ ಇಂಜಿನಿಯರ್ "ನನ್ನ ವಸ್ತು ಕೆಡೋದಿಲ್ಲ" ಅಂದುಕೊಂಡು ಮಾಡ್ತಾನೆ. ಇನ್ನೊಬ್ಬ "ಒಂದಲ್ಲ ಒಂದಿನ ಕೆಡುತ್ತೆ, ಅವತ್ತು ಇದನ್ನ ಇಟ್ಟುಕೊಂಡವರು ಏನು ಮಾಡ್ಬೇಕು?" ಅಂತ ಕೇಳಿಕೊಂಡು ಮಾಡ್ತಾನೆ. ಮೊದಲನೆಯವನ ಕಿಟಕಿ ಅಂಗಡಿಯಲ್ಲಿ ಚಂದ ಕಾಣುತ್ತೆ. ಎರಡನೆಯವನದು ಇಪ್ಪತ್ತು ವರ್ಷದ ಮೇಲೂ ಕಿಟಕಿಯಾಗಿ ಉಳಿಯುತ್ತೆ.

ನೀವು ಹೇಳಬಹುದು, ಮುಚ್ಚಿದ ಗಾಜು ಎಷ್ಟೋ ವರ್ಷ ಚೆನ್ನಾಗಿರುತ್ತಲ್ಲ, ಬಿಚ್ಚೋ ಹಾಗೆ ಮಾಡಿದ್ರೆ ಮೊದಲೇ ಸೋರುತ್ತೆ ಅಂತ. ಮಾತು ಸರಿ, ಒಪ್ಪತೀನಿ. ಮಂಜಾದ ಜೋಡಿ ಗಾಜು ಚಳಿ ತಡೆಯೋದನ್ನ ಬಹುಪಾಲು ಮಾಡ್ತಾನೇ ಇರುತ್ತೆ, ಅದೂ ನಿಜ. ನಾನು ಮುಚ್ಚಬೇಡಿ ಅಂತಿಲ್ಲ. ಕೆಡೋ ಭಾಗವನ್ನ ಉಳಿದ ಭಾಗದಿಂದ ಬೇರೆ ಮಾಡೋಕೆ ಬರ್ಲಿ ಅಂತಿದ್ದೀನಿ. ಜೋಡಿ ಗಾಜು ಒಂದೇ ಬೇಕು ಅಂದ್ರೆ ಅದನ್ನೇ ಮಾರಿ, ಚೌಕಟ್ಟು ಯಾಕೆ ಗಂಟು ಹಾಕ್ತೀರಿ?

ಫೋನಿನ ಬ್ಯಾಟರಿ ವಿಷಯದಲ್ಲೂ ಇದೇ ಜಗಳ. ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನ ಬಳಸೋರೇ ತೆಗೆದು ಹಾಕೋ ಹಾಗಿರಬೇಕು ಅಂತ 2023ರಲ್ಲೇ ನಿಯಮ ಬಂತು. ಇಲ್ಲಿ ಕೊಲರಾಡೊ ರಾಜ್ಯ 2023ರಲ್ಲಿ ಟ್ರ್ಯಾಕ್ಟರ್‌ನಂಥ ಕೃಷಿ ಯಂತ್ರಗಳನ್ನ ರೈತರೇ ರಿಪೇರಿ ಮಾಡಿಕೊಳ್ಳೋ ಹಕ್ಕಿಗೆ ಕಾನೂನು ಮಾಡ್ತು. ನಮ್ಮ ದೇಶದಲ್ಲೂ ಕೇಂದ್ರ ಸರ್ಕಾರ 2022ರಲ್ಲಿ ಇದಕ್ಕಾಗಿ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೀತು. ಒಳ್ಳೇದೇ. ಆದ್ರೆ ನಮ್ಮ ಕಡೆ ಜನಕ್ಕೆ ಈ ಹಕ್ಕನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿ ಹತ್ರ 1989ರಲ್ಲಿ ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ ಬ್ಯಾರೇಜ್ ಕಟ್ಟಿದ ಸೀಮೆ ನಮ್ಮದು. ಅಂಥ ಊರವರು ಒಂದು ಕಿಟಕಿ ಮುಂದೆ ಕೈಕಟ್ಟಿ ಕೂರೋ ಹಾಗಾಗೋದು ನನಗೆ ಅವಮಾನ ಅನ್ಸುತ್ತೆ.

ನಾನೇನು ಸಾಚಾ ಅಲ್ಲ. ಸಾಫ್ಟ್‌ವೇರ್ ಬರೆಯೋನು. "ಇದು ಫೇಲ್ ಆಗಲ್ಲ" ಅಂತ ನಂಬಿ, ಒಳಗೇನಾಗ್ತಿದೆ ಅಂತ ನೋಡೋಕೆ ಒಂದು ಸಣ್ಣ ತೂತೂ ಬಿಡದೆ ಎಷ್ಟು ಕೋಡ್ ಬರೆದಿದ್ದೀನೋ. ರಾತ್ರಿ ಎರಡಕ್ಕೆ ಅದು ಬಿದ್ದಾಗ ಯಾವನೋ ಪಾಪದವನು ಹೊರಗಿನಿಂದ ಒರೆಸ್ತಾ ಕೂರ್ತಾನೆ. ಆ ಕಿಟಕಿ ಮಾಡಿದವನನ್ನ ಬೈಯುವಾಗ ಇದೂ ನೆನಪಾಗುತ್ತೆ. ಈಚೆಗೆ ಬಿರಡೆ ಬಿಟ್ಟೇ ಬರೀತಿದ್ದೀನಿ.

ನಿಮ್ಮಲ್ಲಿ ಯಾರಾದ್ರೂ ಇಂಥ ಗಾಡಿ ಕೊಳ್ಳೋದಿದ್ರೆ ಒಂದು ಮಾತು. ಬೆಳಗಿನ ತಂಪಲ್ಲಿ ಹೋಗಿ ನೋಡ್ರಿ, ಮಧ್ಯಾಹ್ನದ ಬಿಸಿಲಿಗೆ ನಡುವಿನ ಮಂಜು ಕಾಣದೇ ಇರಬಹುದು. ಎರಡೂ ಕಡೆ ಒರೆಸಿ ನೋಡ್ರಿ. ಕೆಟ್ಟಿದ್ರೆ ಮೊದಲು ಗಾಜಿನ ಅಂಗಡಿಗೆ ಅಳತೆ ಕೊಟ್ಟು, ಹಳೇ ಚೌಕಟ್ಟಿಗೆ ಟೆಂಪರ್ಡ್ ಜೋಡಿ ಗಾಜು ಮಾಡಿಕೊಡ್ತಾರಾ ಕೇಳ್ರಿ. ಅದೇ ಸರಿಯಾದ ದಾರಿ, ನಾವು ಮಾಡಿದ್ದು ಟೈಮ್ ಇಲ್ಲದೆ ಮಾಡಿದ ಕೈಕೆಲಸ. ಡ್ರಿಲ್ ಮಾತ್ರ ಮುಟ್ಟಬೇಡ್ರಿ.

ಕಿಟಕಿ ಕೂರಿಸಿದ್ದು ಅಪ್ಪ-ಅವ್ವ ಊರಿಗೆ ಹೊರಡೋ ನಾಲ್ಕು ದಿನ ಮುಂಚೆ. ಇನ್ನೆಲ್ಲಿಗೂ ಹೋಗೋಕೆ ಟೈಮ್ ಇರ್ಲಿಲ್ಲ. ಗೆಳೆಯನ ಮನೆ ಊರಾಚೆ ಇದೆ, ಎದುರಿಗೆ ಬರೀ ಮೆಕ್ಕೆಜೋಳದ ಹೊಲ. ನಿಂತ ಗಾಡಿಯೊಳಗೆ ಅವ್ವ ಹೋಗಿ ಅದೇ ಸೀಟಲ್ಲಿ ಕೂತು, ಚಹಾ ಕುಡೀತಾ ಅರ್ಧ ಗಂಟೆ ಹೊರಗೆ ನೋಡಿದಳು. "ನಮ್ಮ ಗ್ವಾಂಜಾಳ ಇದ್ದಂಗ ಐತಲ್ಲೋ" ಅಂದಳು.

ಇಷ್ಟಕ್ಕೇ ಮೂರು ದಿನದ ಕೆಲಸ. ಒಂದು ಬಿರಡೆ ಇದ್ದಿದ್ರೆ ವಯೋಮಿಂಗ್ ಪೂರ್ತಿ ಕಾಣ್ತಿತ್ತು.

ನಿಮ್ಮ ಮನೇಲೂ ಹೀಗೆ ಬಿಚ್ಚೋಕೇ ಬರದ, ಒಂದು ಸಣ್ಣ ಭಾಗ ಕೆಟ್ಟಿದ್ದಕ್ಕೆ ಪೂರ್ತಿ ಎಸೆದ ವಸ್ತು ಇದೆಯಾ? ಯಾವುದು, ಹೇಳ್ರಿ. ನಮ್ಮಪ್ಪನಿಗೆ ಓದಿ ಹೇಳ್ತೀನಿ, ಅವರಿಗೆ ನಗೋಕೆ ಬೇಕು.